ಶತಶೃಂಗದ ಬಂಡೆಗಳ ನಡುವೆ ಒಂಟಿ ತಾಯಿ

ಹೊತ್ತು ಮುಳುಗಿತು. ಅಂತರಗಂಗೆಯ ಮೆಟ್ಟಿಲಿಳಿದು ಕೊನೆಯ ಭಕ್ತರೂ ಕೋಲಾರದ ದಾರಿ ಹಿಡಿದರು. ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತಲೇ ಇದೆ. ಅದರ ಮೇಲೆ, ಶತಶೃಂಗ ಬೆಟ್ಟದ ಗುಂಡುಗಳು ಒಂದಕ್ಕೊಂದು ಒರಗಿ ನಿಂತ ಸಂದಿಯಲ್ಲಿ, ಎರಡು ಕಣ್ಣು ತೆರೆದವು.

ಹೆಣ್ಣು ಚಿರತೆ. ತೂಕ 35 ಕಿಲೋ ಆಸುಪಾಸು. ಹೊಟ್ಟೆ ಬೆನ್ನಿಗಂಟಿದೆ. ಹಿಂದೆ, ಬೆಳಕು ಮುಟ್ಟದ ಪೊಟರೆಯಲ್ಲಿ, ಹುಟ್ಟಿ ವಾರ ತುಂಬದ ಎರಡು ಮರಿ. ಒಂದೊಂದೂ ಅರ್ಧ ಕಿಲೋ ಚಿಲ್ಲರೆ. ಕಣ್ಣು ಇನ್ನೂ ಬಿಟ್ಟಿಲ್ಲ. ಅಪ್ಪ ಅನ್ನ ತಂದು ಹಾಕುವುದಿಲ್ಲ. ಹೊಸ ಗಂಡೊಂದು ಈ ಗಡಿಯೊಳಗೆ ನುಗ್ಗಿದರೆ ಮೊದಲು ಕೊಲ್ಲುವುದೇ ಮರಿಗಳನ್ನು. ಈ ಬೆಟ್ಟಸಾಲಿನ ತಾಯಿ ಚಿರತೆಗೆ ಪ್ರತಿ ರಾತ್ರಿಯೂ ಒಂದೇ ಇಕ್ಕಟ್ಟು: ಕೂತರೆ ಹಸಿವು ಕೊಲ್ಲುತ್ತದೆ, ಹೋದರೆ ಮರಿಗಳಿಗೆ ಯಾರು ಗತಿ?

ಹೊರಟಿತು.

ನಾಗರಹೊಳೆಯ ಚಿರತೆಗೆ ಜಿಂಕೆಯ ಹಿಂಡುಗಳಿವೆ. ಕೋಲಾರದ ಚಿರತೆಗೆ ಆ ಸುಖ ಎಲ್ಲಿ ಬರಬೇಕು? ಇಲ್ಲಿರುವುದು ಬೋಳು ಬಂಡೆ, ಜಾಲಿ, ಬಂದರಿಕೆ, ಲಂಟಾನ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನೀರು ಸಿಗದ ದಿನ ಬೇಟೆಯ ರಕ್ತಮಾಂಸದ ತೇವದಲ್ಲೇ ಕಳೆಯುತ್ತದೆ. ಮೊಲ ಸಿಕ್ಕರೆ ಮೊಲ. ನವಿಲು, ಮಂಗ, ಹಂದಿಮರಿ, ಬೀದಿನಾಯಿ, ಹಟ್ಟಿಯಿಂದ ತಪ್ಪಿಸಿಕೊಂಡ ಮೇಕೆ, ಯಾವುದನ್ನೂ ಬಿಡುವುದಿಲ್ಲ. ಹುಲಿಗೆ ಸಾಧ್ಯವಾಗದ ಈ ಬದುಕನ್ನು ಚಿರತೆ ಬದುಕಿ ತೋರಿಸುತ್ತದೆ. ನನ್ನ ಮಟ್ಟಿಗೆ ಇಡೀ ಬೆಕ್ಕಿನ ಕುಲದಲ್ಲಿ ಇದರಷ್ಟು ಗಟ್ಟಿ ಜೀವ ಇನ್ನೊಂದಿಲ್ಲ.

ಕತ್ತಲು ಕವಿಯಿತು. ಮನುಷ್ಯನಿಗೆ ಬೇಕಾದ ಬೆಳಕಿನ ಆರನೇ ಒಂದು ಪಾಲು ಇದ್ದರೂ ಅದಕ್ಕೆ ದಾರಿ ಕಾಣುತ್ತದೆ. ಕಣ್ಣಿನ ಹಿಂದಿನ ಕನ್ನಡಿಯಂಥ ಪದರ, ಒಳಬಂದ ಬೆಳಕನ್ನು ಎರಡನೇ ಸಲ ನರಗಳಿಗೆ ಎಸೆಯುತ್ತದೆ. ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು. ಒಣ ಎಲೆಯೂ ಸದ್ದು ಮಾಡುವುದಿಲ್ಲ. ಹತ್ತು ಮೀಟರ್. ಎಂಟು. ಐದು. ಗಾಳಿ ತಿರುಗಿತು!

ಎದುರಿಗಿದ್ದದ್ದು ಮುಳ್ಳುಹಂದಿ. ಬೆನ್ನು ತಿರುಗಿಸಿತು, ಮುಳ್ಳು ಕೆದರಿತು, ಹಿಂದಕ್ಕೆ ನುಗ್ಗಿತು. ಅಂಗಾಲಿಗೆ ಒಂದು ಮುಳ್ಳು ಮುರಿದು ಕೂತರೆ ಸಾಕು. ಕಾಲು ಕೀವುಗಟ್ಟುತ್ತದೆ, ಬೇಟೆ ನಿಲ್ಲುತ್ತದೆ, ಚಿರತೆ ಹಸಿದು ಸಾಯುತ್ತದೆ. ತಾಯಿ ಪಕ್ಕಕ್ಕೆ ಹಾರಿತು. ಬೆರಳಗಲದಲ್ಲಿ ಬಚಾವು.

ನಡುರಾತ್ರಿ ದಾಟಿದ ಮೇಲೆ ಹೊಲದಂಚಿನಲ್ಲಿ ನಾಯಿ ಸಿಕ್ಕಿತು. ಒಂದೇ ನೆಗೆತ. ಚಿರತೆ ಅಡ್ಡಕ್ಕೆ ಆರು ಮೀಟರ್ ಹಾರಬಲ್ಲದು, ಮೇಲಕ್ಕೆ ಮೂರು. ಬಾಯಿ ನೇರ ಗಂಟಲಿಗೆ. ಉಸಿರು ನಿಲ್ಲುವವರೆಗೆ ಬಿಡುವುದಿಲ್ಲ. ದಕ್ಷಿಣ ಅಮೆರಿಕದ ಜಾಗ್ವಾರ್ ಇದರ ದೊಡ್ಡ ದಾಯಾದಿ, ಮೈಮೇಲಿನ ಉಂಗುರದ ಒಳಗೂ ಚುಕ್ಕಿ ಇರುವ ಪ್ರಾಣಿ. ಅದು ಮೊಸಳೆ ಜಾತಿಯ ಕೇಮನ್‌ನ ತಲೆಬುರುಡೆಯನ್ನೇ ಕೋರೆಹಲ್ಲಿನಿಂದ ತೂತು ಮಾಡುತ್ತದೆ. ಅಮೆಜಾನಿನ ಕಾಡಲ್ಲಿ ಅದೇ ದೊರೆ. ಆದರೆ ಟೊಮೆಟೊ ತೋಟ, ಕಲ್ಲುಗಣಿ, ಊರ ದೀಪಗಳ ನಡುವೆ ನುಸುಳಿ ಹೊಟ್ಟೆ ಹೊರೆಯುವ ವಿದ್ಯೆ ಕೋಲಾರದ ಚಿರತೆಯದು.

ಬೆಳಗಿನ ಜಾವ ಗುಹೆ ಸೇರಿತು. ಮರಿಗಳು ಉಸಿರಾಡುತ್ತಿವೆ. ಆದರೆ ಪೊಟರೆಯ ಬಾಯಲ್ಲಿ ಅಪರಿಚಿತ ವಾಸನೆ. ತಡಮಾಡಲಿಲ್ಲ. ಕುತ್ತಿಗೆಯ ಚರ್ಮ ಕಚ್ಚಿ ಎತ್ತಿತು, ಒಂದಾದ ಮೇಲೊಂದು ಬೇರೆ ಬಂಡೆಗೆ ಸಾಗಿಸಿತು.

ಬದುಕುಳಿದ ಮರಿಗೆ ಒಂದೂವರೆ ಎರಡು ವರ್ಷವಾದಾಗ ನಿಜವಾದ ಪರೀಕ್ಷೆ. ಗಂಡುಮರಿ ತಾಯಿಯ ಗಡಿ ಬಿಟ್ಟು ಹೊರಡಲೇಬೇಕು. ಪೂರ್ವಕ್ಕೆ ಮುಳಬಾಗಿಲಿನ ಆವಣಿ, ಕುರುಡುಮಲೆಯ ಕಲ್ಲುಗುಡ್ಡಗಳು. ಉತ್ತರಕ್ಕೆ ಶ್ರೀನಿವಾಸಪುರದ ಮಾವಿನ ತೋಪುಗಳು. ತೆಂಕಣ ಪಡುವಣದ ಕಡೆ ಮಾಲೂರಿನ ನೀಲಗಿರಿ ತೋಪು. ಹಗಲು ತೋಪಿನಲ್ಲಿ ಅಡಗು, ರಾತ್ರಿ ನಡೆ. ನಡುವೆ ರಾಷ್ಟ್ರೀಯ ಹೆದ್ದಾರಿ 75. ಮಾಲೂರಿನ ಹೊಲಗಳನ್ನು ಸೀಳಿ ಹೊರಟ 262 ಕಿ.ಮೀ. ಉದ್ದದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಲಾರಿಯ ಹೆಡ್‌ಲೈಟ್ ಕಣ್ಣಿಗೆ ಬಡಿದರೆ ಒಂದು ಕ್ಷಣ ಕುರುಡು. ಆ ಒಂದು ಕ್ಷಣ ಸಾಕು.

ರಸ್ತೆ ದಾಟಿದರೆ ಉರುಳು. ಹಂದಿಗೆಂದು ಬೇಲಿಗೆ ಕಟ್ಟಿದ ತಂತಿ ಸೊಂಟಕ್ಕೆ ಬಿಗಿಯುತ್ತದೆ. ಎಳೆದಷ್ಟೂ ಒಳಗಿಳಿಯುತ್ತದೆ. ಗಂಟೆಗಟ್ಟಲೆ ಒದ್ದಾಡಿದ ಚಿರತೆಯನ್ನು ಬಿಡಿಸಿದರೂ ಸ್ನಾಯುಗಳು ಒಳಗೇ ಕೊಳೆತು ಸಾಯಬಹುದು.

ಉರುಳು ತಪ್ಪಿದರೆ ಬಾವಿ. ಕಟ್ಟೆಯಿಲ್ಲದ ಹಳೇ ತೆರೆದ ಬಾವಿಗೆ, ನಾಯಿ ಅಟ್ಟಿಸಿಕೊಂಡು ಬಂದ ಭರಕ್ಕೆ, ಧೊಪ್ಪನೆ! ಸುತ್ತ ಊರೇ ಸೇರುತ್ತದೆ. ಈಗ ಪಶುವೈದ್ಯರ ಕೈಲಿ ಜೀವ. ಬಾವಿಯಲ್ಲಿ ನೀರಿದ್ದರೆ ಅರಿವಳಿಕೆ ಹೊಡೆಯುವಂತಿಲ್ಲ. ಮಂಪರು ಹತ್ತಿದ ಕೂಡಲೇ ಮುಳುಗುತ್ತದೆ. ಹಗ್ಗ ಕಟ್ಟಿ ಮಂಚ ಇಳಿಸಬೇಕು. ಚಿರತೆ ಅದರ ಮೇಲೆ ಹತ್ತಬೇಕು. ಒಣ ಬಾವಿಯಾದರೆ ಕೆಟಮಿನ್, ಕ್ಸೈಲಜೀನ್ ತುಂಬಿದ ಡಾರ್ಟ್. ತೂಕದ ಅಂದಾಜು ತಪ್ಪಿದರೆ? ಕಮ್ಮಿಯಾದರೆ ಇಳಿದವನ ಮೇಲೆ ಏಳುತ್ತದೆ, ಹೆಚ್ಚಾದರೆ ಏಳುವುದೇ ಇಲ್ಲ.

2024ರಲ್ಲಿ ಹೊರಬಂದ ರಾಷ್ಟ್ರೀಯ ವರದಿ ಕರ್ನಾಟಕದಲ್ಲಿ 1,879 ಚಿರತೆಗಳಿವೆ ಎಂದು ಅಂದಾಜಿಸಿತು. ಮಧ್ಯಪ್ರದೇಶ, ಮಹಾರಾಷ್ಟ್ರದ ನಂತರ ನಾವೇ. ಹುಲಿಯಿರುವ ಕಾಡುಗಳನ್ನು ಮುಖ್ಯವಾಗಿ ನೋಡಿದ ಲೆಕ್ಕ ಅದು. ಊರ ಪಕ್ಕದ ಕಲ್ಲುಗುಡ್ಡದಲ್ಲಿ ಒಂಟಿಯಾಗಿ ಹೋರಾಡುವ ಇಂಥ ಜೀವಗಳಿಗೆ ಗುಡ್ಡವೇ ಕೋಟೆ. ಆ ಗುಡ್ಡವನ್ನು ಕಲ್ಲುಗಣಿ ಸಿಡಿಸಿದರೆ ಚಿರತೆ ಎಲ್ಲಿಗೆ ಹೋಗಬೇಕು?

ನಗರದೊಳಕ್ಕೂ ಬರಬಹುದು. 2016ರ ಫೆಬ್ರುವರಿ 7, ಭಾನುವಾರ. ಬೆಂಗಳೂರಿನ ಪೂರ್ವದಂಚಿನ ಶಾಲೆಯೊಂದಕ್ಕೆ ಗಂಡು ಚಿರತೆ ನುಗ್ಗಿತು. ಮಕ್ಕಳಿಲ್ಲದ ದಿನ, ಪುಣ್ಯ. ಹಗಲಿಡೀ ಹುಡುಕಾಟ. ಸಂಜೆ ಈಜುಕೊಳದ ಬಳಿ ಅದು ಹೊರಗೆ ಚಿಮ್ಮಿತು. ಚಿರತೆಗಳನ್ನೇ ಅಧ್ಯಯನ ಮಾಡುವ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಗೇಟು ಹತ್ತಲು ಓಡಿದರು. ಕೈ ಎಟುಕಿತು. ಕಾಲು ಏರಲಿಲ್ಲ. ಚಿರತೆ ಹಿಡಿದು ಕೆಳಗೆಳೆಯಿತು, ತೋಳಿಗೆ ಹಲ್ಲು ಹೂಡಿತು. ಅವರು ಹೊಡೆದಾಡಿದರು, ಬದುಕಿದರು, ಮತ್ತೆ ಚಿರತೆಗಳ ಬೆನ್ನು ಹತ್ತಿದರು. 2021ರಲ್ಲಿ ಅವುಗಳ ಮೇಲೆ ಪುಸ್ತಕವನ್ನೇ ಬರೆದರು.

ಅವತ್ತು ರಾತ್ರಿ ಎಂಟು ದಾಟಿದ ಮೇಲೆ ಅರಿವಳಿಕೆ ಹತ್ತಿತು. ಬಲೆ, ಪಂಜರ, ವಾಹನ, ಬನ್ನೇರುಘಟ್ಟ. ಗಾಯಗೊಂಡ ಜನ ಆಸ್ಪತ್ರೆಯಲ್ಲಿ, ಚಿರತೆ ಸಲಾಕೆಗಳ ಹಿಂದೆ. ಮುಗಿಯಿತು ಅಂದುಕೊಂಡರು.

ಮುಂದಿನ ಭಾನುವಾರ ಪಂಜರ ಖಾಲಿ. ಚಿರತೆ ತಪ್ಪಿಸಿಕೊಂಡಿತ್ತು.