ನೊಯ್ಯಲ್ ತೀರದಲ್ಲಿ ಎರಡು ದಿನ

ಪಶ್ಚಿಮ ಘಟ್ಟದ ಬುಡದಲ್ಲಿರುವ ನಮ್ಮ ಕೊಂಬೈಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ೧೮೯೫ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಪಡುವಣ ಕಡಲಿಗೆ ಹೋಗುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿತು. ಕಂಬಂ ಕಣಿವೆಯ ಗದ್ದೆಗಳ ಹಸುರಿಗೆ ಆ ನೀರೇ ಆಧಾರ. ಮುಲ್ಲೈಪೆರಿಯಾರ್ ಎಂಬ ಹೆಸರಿನಿಂದ ನಮ್ಮ ಕಣಿವೆಯನ್ನು ಹಾಯ್ದು, ವೈಗೈಯನ್ನು ಕೂಡಿ, ಅದು ಮಧುರೆಯತ್ತ ಸಾಗುತ್ತದೆ. ಆದರೆ ನದಿಯ ತಲೆಯ ಬಳಿ ವಾಸಿಸುವವರಿಗೆ ಅದರ ಕೆಳದಾರಿಯ ಗತಿ ಕಾಣುವುದಿಲ್ಲ. ಕೈಗಾರಿಕಾ ನಗರದ ನಡುವೆ ಹರಿಯುವ ನದಿ ಹೇಗಿರುತ್ತದೆ, ಕೆಟ್ಟ ನದಿಯ ಮಗ್ಗುಲಲ್ಲಿ ಹಕ್ಕಿಗಳು ನೆಲೆಸುವುದು ಸಾಧ್ಯವೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದು ಕಳೆದ ಪೊಂಗಲ್ ರಜೆಯಲ್ಲಿ ನಾವು ಸಹೋದ್ಯೋಗಿಗಳಾದ ಉಪಾಧ್ಯಾಯರೊಬ್ಬರೊಡನೆ ತಿರುಪ್ಪೂರಿಗೆ ಹೊರಟೆವು.

ತಿರುಪ್ಪೂರನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮಲ್ಲಿ ಓದಿದ ಎಷ್ಟೋ ಹುಡುಗರು ಅಲ್ಲಿಯ ಬನಿಯನ್ ಕಂಪನಿಗಳಲ್ಲಿ ಅನ್ನ ಕಂಡಿದ್ದಾರೆ. ಅಲ್ಲದೆ ಕೊಯಮತ್ತೂರು ಸೀಮೆಯಲ್ಲಿ ದೇವಾಂಗ ನೇಕಾರರೇ ಮೊದಲಾಗಿ ಮನೆಯಲ್ಲಿ ಕನ್ನಡವಾಡುವವರು ಬಹಳ ಮಂದಿ ಇದ್ದಾರೆ. ದಿಂಡಿಗಲ್, ಒಟ್ಟನ್‌ಚತ್ರಂ, ಧಾರಾಪುರಗಳ ಮಾರ್ಗವಾಗಿ ಬಸ್ಸಿನಲ್ಲಿ ಸಾಗಿ ಸಂಜೆಯ ವೇಳೆಗೆ ಊರನ್ನು ಸೇರಿದೆವು.

ನೊಯ್ಯಲ್ ನದಿಯು ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುತ್ತದೆ. ಪೇರೂರಿನ ಪಟ್ಟೀಶ್ವರನ ಸನ್ನಿಧಿಯ ಮಗ್ಗುಲಲ್ಲಿ ಹರಿದು, ಕೊಯಮತ್ತೂರು ಮತ್ತು ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಹಿಂದಿನವರು ಇದರ ಮಳೆನೀರನ್ನು ಅಡ್ಡಗಟ್ಟೆಗಳಿಂದ ತಿರುಗಿಸಿ ಸಾಲುಕೆರೆಗಳನ್ನು ತುಂಬಿಸುತ್ತಿದ್ದರು. ಅಂತಹ ನದಿಯನ್ನು ತಿರುಪ್ಪೂರಿನ ಸೇತುವೆಯ ಮೇಲೆ ನಿಂತು ನೋಡಿದಾಗ ನಮ್ಮ ಮನಸ್ಸು ಕುಗ್ಗಿತು. ಕಪ್ಪು ಚರಂಡಿ ನೀರು, ದಡದಲ್ಲಿ ಪ್ಲಾಸ್ಟಿಕ್ಕಿನ ರಾಶಿ, ಮೂಗಿಗೆ ಬಟ್ಟೆ ಹಿಡಿದು ಸಾಗುವ ಪಾದಚಾರಿಗಳು. ಆದರೂ ಹಿಂದೆ ಇದ್ದುದಕ್ಕಿಂತ ಇದು ವಾಸಿಯೆಂದು ಅಲ್ಲಿಯವರು ಹೇಳಿದರು. ಒಂದು ಕಾಲದಲ್ಲಿ ಆ ದಿನ ಬಟ್ಟೆಗೆ ಯಾವ ಬಣ್ಣ ಹಾಕಿದರೋ ಅದೇ ಬಣ್ಣವು ಹೊಳೆಯಲ್ಲಿ ಕಾಣುತ್ತಿತ್ತಂತೆ.

ಬಣ್ಣವು ಕಣ್ಣಿಗೆ ಕಾಣುವ ಕೇಡು. ಅದಕ್ಕಿಂತಲೂ ಘೋರವಾದುದು ಉಪ್ಪು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಬಣ್ಣದ ತೊಟ್ಟಿಗೆ ಹೇರಳವಾಗಿ ಉಪ್ಪನ್ನು ಬೆರೆಸಬೇಕು. ಕೆಲಸ ಮುಗಿದ ಮೇಲೆ ಆ ಉಪ್ಪೆಲ್ಲ ನೀರಿನಲ್ಲಿಯೇ ಉಳಿಯುತ್ತದೆ. ಸುಣ್ಣ ಹಾಕಿ ತಿಳಿಗೊಳಿಸಿದರೆ ಬಣ್ಣದ ಬಹುಭಾಗ ಕೆಳಗಿಳಿದೀತು; ಕರಗಿದ ಉಪ್ಪು ಇಳಿಯದು. ನೀರಾವರಿಗೆಂದು ೧೯೯೨ರಲ್ಲಿ ಚೆನ್ನಿಮಲೆಯ ಸಮೀಪ ಒರತ್ತುಪಾಳೆಯಂ ಅಣೆಕಟ್ಟನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಉಪ್ಪುನೀರಿನ ಕೊಳವಾಯಿತು. ಸುತ್ತಲಿನ ಬಾವಿಗಳು ಕೆಟ್ಟವು, ಬೆಳೆಗಳು ಕಮರಿದವು. ನೀರಿಗಾಗಿ ಅಣೆಕಟ್ಟನ್ನು ಬಯಸಿದ ರೈತರೇ ಆ ನೀರು ಬೇಡವೆನ್ನುವ ಕಾಲ ಬಂದಿತು. ಬೇಸಾಯಗಾರನಿಗೆ ಇದಕ್ಕಿಂತ ದುಃಖದ ಮಾತು ಬೇರೆ ಏನಿದ್ದೀತು?

೨೦೦೩ರಲ್ಲಿ ನೊಯ್ಯಲ್ ಆಯಕಟ್ಟುದಾರರ ಸಂರಕ್ಷಣಾ ಸಂಘವು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ೨೦೦೬ರಲ್ಲಿ ತೀರ್ಪು ಬಂದಿತಾದರೂ ಹೊಳೆಗೆ ಕೊಳೆನೀರು ಬೀಳುವುದು ನಿಲ್ಲಲಿಲ್ಲ. ಕಡೆಗೆ ೨೦೧೧ರ ಜನವರಿಯಲ್ಲಿ, ಒಂದು ಹನಿ ನೀರನ್ನೂ ಹೊರಗೆ ಬಿಡದ ವ್ಯವಸ್ಥೆ ಆಗುವವರೆಗೆ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ೭೦೦ಕ್ಕೂ ಹೆಚ್ಚು ಕಾರ್ಖಾನೆಗಳು ಬಾಗಿಲು ಹಾಕಿದವು.

ಈ ಸಂಗತಿಯ ಇನ್ನೊಂದು ಮುಖವನ್ನು ನಮಗೆ ತಿಳಿಸಿದವನು ನಮ್ಮ ಹಳೆಯ ವಿದ್ಯಾರ್ಥಿ. ಆತ ಆಗ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೂಲಿಗಿದ್ದ. "ಅಯ್ಯಾ, ಆ ವರ್ಷ ಕೆಲಸ ಹೋಗಿ ಊರಿಗೆ ಬಂದು ಮಾವನ ತೋಟದಲ್ಲಿ ದ್ರಾಕ್ಷಿ ಕೊಯ್ದೆ. ಹೊಳೆಗಾಗಿ ನಮ್ಮ ಹೊಟ್ಟೆಯ ಮೇಲೆ ಹೊಡೆದರಲ್ಲಾ ಎಂದು ಬೈದುಕೊಂಡೆ" ಎಂದನು. "ಈಗ ಏನೆನ್ನುತ್ತೀಯಪ್ಪಾ?" ಎಂದು ಕೇಳಿದೆವು. "ಈಗ ಒಮ್ಮೆ ಬಳಸಿದ ನೀರನ್ನೇ ತಿಳಿಮಾಡಿ ಮತ್ತೆ ತೊಟ್ಟಿಗೆ ಬಿಡುತ್ತೇವೆ ಅಯ್ಯಾ. ಮೊದಲೇ ಹೀಗೆ ಮಾಡಿದ್ದರೆ ರೈತನೂ ಕೆಡುತ್ತಿರಲಿಲ್ಲ, ನಾನೂ ಊರಿಗೆ ಓಡುತ್ತಿರಲಿಲ್ಲ" ಎಂದನು. ರೈತನ ಅನ್ನಕ್ಕೂ ಕೂಲಿಯವನ ಅನ್ನಕ್ಕೂ ವೈರವಿರಲಿಲ್ಲ. ಮಾಡಬೇಕಾದ ಖರ್ಚನ್ನು ಮುಂದೂಡಿದುದರಿಂದ ಇಬ್ಬರೂ ನೊಂದರು.

ಆತ ವಿವರಿಸಿದ ಕ್ರಮ ಹೀಗಿದೆ. ಕೊಳೆನೀರನ್ನು ಮೊದಲು ಸೂಕ್ಷ್ಮಜೀವಿಗಳಿಂದ ಶುದ್ಧಮಾಡುತ್ತಾರೆ. ಬಳಿಕ ಒತ್ತಡದಿಂದ ಬಹು ಸೂಕ್ಷ್ಮವಾದ ಜಾಲರಿಗಳ ಮೂಲಕ ಹಾಯಿಸುತ್ತಾರೆ. ಸಿಹಿನೀರು ಒಂದು ಕಡೆಗೂ ಗಾಢವಾದ ಉಪ್ಪುನೀರು ಇನ್ನೊಂದು ಕಡೆಗೂ ಬೇರೆಯಾಗುತ್ತವೆ. ಆ ಉಪ್ಪುನೀರನ್ನು ಕುದಿಸಿ ಇಂಗಿಸಿ ಉಪ್ಪನ್ನು ಮರಳಿ ಪಡೆಯುತ್ತಾರೆ. ಇದಕ್ಕೆ ವಿದ್ಯುತ್ತು, ಸೌದೆ, ಹಣ ಎಲ್ಲವೂ ಬೇಕು. ಉಳಿದ ಕೆಸರನ್ನು ಏನು ಮಾಡಬೇಕೆಂಬ ಚಿಂತೆಯೂ ಉಂಟು. ಮಳೆ ಬಂದಾಗ ಕದ್ದು ಬಣ್ಣದ ನೀರು ಬಿಡುತ್ತಾರೆಂಬ ದೂರುಗಳೂ ನಿಂತಿಲ್ಲ.

ಮರುದಿನ ಬೆಳಗಿನ ಜಾವ ನಗರದ ಹೊರವಲಯದಲ್ಲಿರುವ ನಂಜರಾಯನ್ ಕೆರೆಗೆ ಹೋದೆವು. ನೊಯ್ಯಲಿನ ಉಪನದಿಯಾದ ನಲ್ಲಾರಿನ ನೀರು ಇದಕ್ಕೆ ಬರುತ್ತದೆ. ಶತಮಾನಗಳ ಹಿಂದೆ ನಂಜರಾಯನೆಂಬ ಅರಸನು ಇದನ್ನು ದುರಸ್ತಿ ಮಾಡಿಸಿದುದರಿಂದ ಈ ಹೆಸರು ಬಂದಿತೆನ್ನುತ್ತಾರೆ; ಕನ್ನಡಿಗರ ಕಿವಿಗೆ ಬಹು ಪರಿಚಿತವಾದ ಹೆಸರು! ೧೨೫ ಹೆಕ್ಟೇರಿಗೂ ಮಿಕ್ಕ ವಿಸ್ತಾರದ ಈ ಕೆರೆಯನ್ನು ತಮಿಳುನಾಡು ಸರ್ಕಾರವು ೨೦೨೨ರಲ್ಲಿ ರಾಜ್ಯದ ಹದಿನೇಳನೆಯ ಪಕ್ಷಿಧಾಮವನ್ನಾಗಿ ಮಾಡಿತು. ೨೦೨೪ರ ಆಗಸ್ಟಿನಲ್ಲಿ ಇದು ರಾಮ್ಸಾರ್ ಒಪ್ಪಂದದ ಅಂತಾರಾಷ್ಟ್ರೀಯ ಜೌಗುನೆಲೆಗಳ ಪಟ್ಟಿಯನ್ನೂ ಸೇರಿತು. ೧೯೧ ಬಗೆಯ ಹಕ್ಕಿಗಳನ್ನೂ ೮೭ ಬಗೆಯ ಚಿಟ್ಟೆಗಳನ್ನೂ ಇಲ್ಲಿ ಗುರುತಿಸಿದ್ದಾರೆ.

ಮಂಜು ಕರಗುತ್ತಿದ್ದಂತೆ ಒಂದೊಂದಾಗಿ ಕಾಣಿಸಿಕೊಂಡ ಹಕ್ಕಿಗಳನ್ನು ಏನೆಂದು ವರ್ಣಿಸೋಣ! ನಡುನೀರಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದುವು. ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದುವು. ಜೊಂಡಿನ ಅಂಚಿನಲ್ಲಿ ನೀಲಿ ಜಂಬುಕೋಳಿಗಳೂ ತೆಳುನೀರಿನಲ್ಲಿ ಬಣ್ಣದ ಕೊಕ್ಕರೆಗಳೂ ಓಡಾಡುತ್ತಿದ್ದುವು. ಸ್ವಲ್ಪ ಹೊತ್ತು ಗಮನಿಸಿದ ಮೇಲೆ ನಮಗೊಂದು ಪಾಠ ಹೊಳೆಯಿತು. ಹಕ್ಕಿಗಳು ಕೆರೆಯನ್ನು ಅಣ್ಣತಮ್ಮಂದಿರಂತೆ ಪಾಲುಮಾಡಿಕೊಂಡಿದ್ದುವು. ಮುಳುಗುವ ಹಕ್ಕಿಗೆ ಆಳವಾದ ನೀರು ಬೇಕು, ಕೊಕ್ಕರೆಗೆ ಮೊಣಕಾಲುದ್ದ ನೀರು ಸಾಕು, ಕೆಸರು ಕೆದಕುವ ಹಕ್ಕಿಗೆ ಬರಿಯ ಹಸಿ ಮಣ್ಣಿರಬೇಕು, ಗೂಡು ಕಟ್ಟಲು ಮರವೂ ಜೊಂಡೂ ಇರಬೇಕು. ದಡವನ್ನು ನೆಟ್ಟಗೆ ಕಾಂಕ್ರೀಟಿನಿಂದ ಕಟ್ಟಿ, ಸುತ್ತಲೂ ನಡೆಯುವ ಹಾದಿ ಮಾಡಿ, ದೀಪ ಹಾಕಿದರೆ ನಮಗೆ ಅಂದವಾದೀತು; ಈ ಪಾಲುದಾರರಲ್ಲಿ ಹೆಚ್ಚಿನವರಿಗೆ ಪಾಲೇ ಇಲ್ಲದಂತಾದೀತು.

ಆದುದರಿಂದ ನದಿಯನ್ನು ಉಳಿಸುವುದರಲ್ಲಿ ಎರಡು ಹೆಜ್ಜೆಗಳಿವೆ. ಮೊದಲು ವಿಷವನ್ನು ಅದು ಹುಟ್ಟುವಲ್ಲಿಯೇ ತಡೆಯಬೇಕು. ಆಮೇಲೆ ದಡವನ್ನು ಅದರ ಪಾಡಿಗೆ ಓರೆಯಾಗಿ, ಕೆಸರಾಗಿ, ಹಸುರಾಗಿ ಇರಗೊಡಬೇಕು. ಜರ್ಮನಿಯ ರೂರ್ ಪ್ರಾಂತದ ಎಂಷರ್ ನದಿಯು ಕಲ್ಲಿದ್ದಲು ಮತ್ತು ಉಕ್ಕಿನ ಊರುಗಳ ತೆರೆದ ಚರಂಡಿಯಾಗಿತ್ತು. ಅಲ್ಲಿಯವರು ೧೯೯೨ರಲ್ಲಿ ಕೆಲಸವನ್ನಾರಂಭಿಸಿದರು. ಕೊಳೆನೀರಿಗೆ ನೆಲದಡಿಯಲ್ಲಿ ಬೇರೆಯೇ ಕೊಳವೆಯನ್ನು ಹಾಕಿ, ನದಿಯ ಕಾಂಕ್ರೀಟು ಹಾಸನ್ನು ಕಿತ್ತು, ಸುಮಾರು ಮೂವತ್ತು ವರ್ಷಗಳ ದುಡಿಮೆಯಿಂದ ಅದನ್ನು ಮತ್ತೆ ಹೊಳೆಯನ್ನಾಗಿ ಮಾಡಿದರು. ನಮ್ಮ ಬೆಂಗಳೂರಿನ ವೃಷಭಾವತಿಗೆ ಅಂತಹ ಭಾಗ್ಯ ಇನ್ನೂ ಬಂದಿಲ್ಲ. ಆ ಕೊಳೆಯು ಬೈರಮಂಗಲದ ಕೆರೆಯನ್ನು ಕೆಡಿಸಿ ಅರ್ಕಾವತಿಯ ಮೂಲಕ ಕಾವೇರಿಗೆ ಬರುತ್ತದೆ. ನೊಯ್ಯಲ್ ಸೇರುವುದೂ ಅದೇ ಕಾವೇರಿಯನ್ನು. ನೀರಿಗಾಗಿ ಎರಡು ನಾಡುಗಳೂ ವಾದಿಸುತ್ತಿರುವಾಗ, ಆ ತಾಯಿಯ ಮಡಿಲಿಗೆ ಕೊಳೆ ಸುರಿಯುವುದರಲ್ಲಿ ಮಾತ್ರ ಇಬ್ಬರೂ ಒಂದಾಗಿರುವುದು ವಿಷಾದದ ಸಂಗತಿ.

ವಾಚಕರು ಇದನ್ನು ದೊಡ್ಡ ನಗರಗಳ ಮಾತೆಂದು ಬದಿಗಿಡಬಾರದಾಗಿ ವಿನಂತಿ. ಕಂಬಂ ಕಣಿವೆಯಲ್ಲಿ ಬಣ್ಣದ ಕಾರ್ಖಾನೆಗಳಿಲ್ಲ, ನಿಜ. ಆದರೆ ನಮ್ಮ ಊರುಗಳ ಚರಂಡಿಗಳ ಕೊನೆ ಎಲ್ಲಿದೆ? ದ್ರಾಕ್ಷಿ ತೋಟಕ್ಕೆ ಮದ್ದು ಹೊಡೆದ ಮೇಲೆ ಡಬ್ಬಿಯನ್ನು ತೊಳೆಯುವುದು ಎಲ್ಲಿ? ೨೦೨೧ರಲ್ಲಿ ಮೇಘಮಲೈಯ ಕಾಡು ಶ್ರೀವಿಲ್ಲಿಪುತ್ತೂರಿನ ಕಾಡಿನೊಡನೆ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವೈಗೈಯ ಮೂಲಕ್ಕೆ ಅದರಿಂದ ಕಾವಲು ದೊರೆತಿದೆ. ಕಾಡಿನಿಂದ ಕೆಳಗಿಳಿದ ನೀರಿಗೆ ಕಾವಲುಗಾರರು ನಾವೇ.

ಈ ವರ್ಷದಿಂದ ನಮ್ಮ ಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಊರ ಕಣ್ಮಾಯಿಯ ದಡಕ್ಕೆ ಹೋಗಿ, ಕಂಡ ಹಕ್ಕಿಗಳ ಹೆಸರನ್ನೂ ಎಣಿಕೆಯನ್ನೂ ಬರೆದಿಡುವಂತೆ ಏರ್ಪಡಿಸಿದ್ದೇವೆ. ಹೆಸರು ತಿಳಿಯದಿದ್ದರೆ ಮನೆಯ ಅಜ್ಜಿಯನ್ನು ಕೇಳಿ ಕನ್ನಡದಲ್ಲಿಯೂ ಬರೆಯಲು ಹೇಳಿದ್ದೇವೆ. ಬೇರೆ ಊರುಗಳ ಉಪಾಧ್ಯಾಯ ಬಂಧುಗಳೂ ಇದನ್ನು ಕೈಗೊಂಡರೆ, ಯಾವ ನೀರಿನಿಂದ ಯಾವ ಹಕ್ಕಿ ಯಾವ ವರ್ಷ ದೂರವಾಯಿತೆಂಬುದು ತಡವಾಗುವ ಮೊದಲೇ ನಮಗೆ ತಿಳಿದೀತು.