ತಾಳ ತಪ್ಪಿದರೆ ಹುಬ್ಬು ಗಂಟಿಕ್ಕುವವರು

ಮುಂಬಯಿಯಲ್ಲಿ ವಿರಾರಿನಿಂದ ಚರ್ಚ್‌ಗೇಟಿಗೆ ಹೊರಡುವ ಬೆಳಗಿನ ಫಾಸ್ಟ್ ಗಾಡಿಯಲ್ಲಿ ಒಂದು ಕಾಲೂರಲು ಜಾಗ ಸಿಕ್ಕಿದರೆ ಅದೇ ಪುಣ್ಯ. ಎರಡನೆಯ ಕಾಲಿನ ವಿಚಾರ ಅಂಧೇರಿ ದಾಟಿದ ಮೇಲೆ. ಅಂಥ ಗಾಡಿಯಲ್ಲೂ ಭಜನಾ ಮಂಡಳಿಗಳಿವೆ. ಬ್ಯಾಂಕಿನವರು, ಕಚೇರಿಯ ಗುಮಾಸ್ತರು, ಅಂಗಡಿ ಲೆಕ್ಕ ಬರೆಯುವವರು ಕೈಚೀಲದೊಳಗೆ ಊಟದ ಡಬ್ಬಿಯ ಪಕ್ಕದಲ್ಲಿಟ್ಟ ತಾಳಗಳನ್ನು ಹೊರತೆಗೆಯುತ್ತಾರೆ. ಇನ್ನೊಬ್ಬನಿಗೆ ಗಾಡಿಯ ತಗಡಿನ ಗೋಡೆಯೇ ಮದ್ದಳೆ. ವಿಠಲನ ಅಭಂಗ ಶುರುವಾಗುತ್ತದೆ. ಇದನ್ನು ಭಕ್ತಿ ಎನ್ನುವವರಿದ್ದಾರೆ, ಗದ್ದಲ ಎಂದು ಗೊಣಗುವವರೂ ಇದ್ದಾರೆ. ನಾನು ನೋಡುವುದು ಬೇರೆಯದನ್ನು. ಕಾಲು ತುಳಿದರೆ, ಅಂಗಿಯ ಗುಂಡಿ ಕಿತ್ತರೆ, ಮೊಣಕೈ ಪಕ್ಕೆಗೆ ತಿವಿದರೆ ತುಟಿ ಪಿಟಕ್ಕೆನ್ನದ ಮನುಷ್ಯ, ಎದುರಿನವನ ತಾಳ ಕೂದಲೆಳೆಯಷ್ಟು ಹಿಂದೆ ಬಿದ್ದರೆ ಸಾಕು, ಹುಬ್ಬು ಗಂಟಿಕ್ಕುತ್ತಾನೆ. ತಪ್ಪಿದವನೂ ನಾಚಿಕೊಂಡು ಸರಿಮಾಡಿಕೊಳ್ಳುತ್ತಾನೆ.

ಮನುಷ್ಯನಿಗೆ ಕಲೆ ಏಕೆ ಬೇಕು ಎಂಬುದಕ್ಕೆ ನಮ್ಮ ಸಭೆಗಳಲ್ಲಿ ಒಂದು ಸಿದ್ಧ ಉತ್ತರವಿದೆ: ದಣಿದ ಜೀವಕ್ಕೆ ವಿಶ್ರಾಂತಿ. ದೀಪ ಹಚ್ಚಲು ಬಂದ ಅತಿಥಿಗಳು ಇದನ್ನು ಹೇಳದೆ ವೇದಿಕೆ ಇಳಿದದ್ದನ್ನು ನಾನು ಕಂಡಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, ಮಾಹಿಮಿನ ಕರ್ನಾಟಕ ಸಂಘದಲ್ಲಿ ಕೂತು ಈ ಮಾತಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆದರೆ ಇದು ನಿಜವೆಂದು ನನಗೆ ಅನ್ನಿಸುವುದಿಲ್ಲ.

ವಿಶ್ರಾಂತಿಯೇ ಬೇಕಿದ್ದರೆ ಮುಂಬಯಿಯ ಹೋಟೆಲ್ ಹುಡುಗರು ಮಲಗುತ್ತಿದ್ದರು. ಕೊಂಕಣ ರೈಲು ಬರುವುದಕ್ಕೆ ಎಷ್ಟೋ ಮೊದಲು ಹಡಗಿನಲ್ಲೋ ಬಸ್ಸಿನಲ್ಲೋ ತುಳುನಾಡಿನಿಂದ ಬಂದ ಹುಡುಗರು ಇವರು. ಹಗಲೆಲ್ಲ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಂಜೆ ರಾತ್ರಿಶಾಲೆಗೆ ಓಡುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ಆ ಶಾಲೆಗಳಲ್ಲಿ ಅಕ್ಷರ ಕಲಿತವರಿಗೆ ಲೆಕ್ಕವಿಲ್ಲ. ಶಾಲೆ ಬಿಟ್ಟ ಮೇಲಾದರೂ ಮಲಗಬಹುದಿತ್ತಲ್ಲ? ಮಲಗಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಯಕ್ಷಗಾನದ ಚೆಂಡೆ ಮದ್ದಳೆಯ ಕಡೆಗೆ ನಡೆದರು. ಬೆಳಗಿನಿಂದ ನಿಂತೇ ಇದ್ದ ಕಾಲಿಗೆ ಗೆಜ್ಜೆ ಕಟ್ಟಿ ಧೀಂಗಿಣ ಹಾರುವುದನ್ನು ಯಾವ ವೈದ್ಯನೂ ವಿಶ್ರಾಂತಿ ಎನ್ನಲಾರ.

ಹಗಲು ಲೋಟ ತೊಳೆದವನು ರಾತ್ರಿ ಅರ್ಜುನನಾಗುತ್ತಾನೆ, ಕಷ್ಟ ಮರೆಯುತ್ತಾನೆ ಎಂಬ ವಿವರಣೆ ಕೇಳಲು ಸೊಗಸು. ಆದರೆ ಕಿರೀಟ ಕಟ್ಟುವ ರಾತ್ರಿಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಹೇಳಿಕೊಡುವವರ ಬೈಗುಳದಲ್ಲಿ ಕಳೆಯುವ ಅಭ್ಯಾಸ. “ಸರಿಯಾಗಲಿಲ್ಲ ಮಾರಾಯ, ಇನ್ನೊಮ್ಮೆ ಕುಣಿ.” ದಿನವಿಡೀ ಗಲ್ಲಾದ ಹಿಂದಿನಿಂದ ಬೈಸಿಕೊಂಡವನು ರಾತ್ರಿ ಇನ್ನೊಂದು ಬೈಗುಳ ಹುಡುಕಿಕೊಂಡು ಏಕೆ ಹೋದ? ನನಗೆ ತೋರುವುದು ಇಷ್ಟು: ಹಗಲು ಒಡೆದದ್ದು ಧಣಿಯ ಗ್ಲಾಸು, ರಾತ್ರಿ ತಪ್ಪಿದ್ದು ತನ್ನದೇ ಹೆಜ್ಜೆ. ಗ್ಲಾಸಿನ ಬೆಲೆ ಸಂಬಳದಲ್ಲಿ ಮುರಿದರೆ ತೀರಿತು. ಹೆಜ್ಜೆಯನ್ನು ತಾನೇ ತಿದ್ದಬೇಕು, ತಿದ್ದಿದ ಮೇಲೆ ಅದು ತನ್ನದಾಗಿಯೇ ಉಳಿಯುತ್ತದೆ.

ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರೂ ತುಳುನಾಡಿನ ಕಡೆಯಿಂದಲೇ ಬಂದವರು. 1911ರಲ್ಲಿ ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. ಕೋಳಿಕಾಳಗ, ಜಾತ್ರೆ, ಕುಣಿತ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವರ ರೇಖಾಚಿತ್ರಗಳಂತೂ ಕಾಗದದಿಂದ ಕೈ ಎತ್ತದೆ ಎಳೆದಂತಿರುತ್ತವೆ. 1964ರ ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದ ಸಿಂಗಿಂಗ್ ಲೈನ್’. ಆ ರೇಖೆಯ ಲಯ ಹುಟ್ಟಿನಿಂದ ಬಂದ ವರವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹೆಬ್ಬಾರರು ಹಾಗೆಂದುಕೊಂಡಿರಲಿಲ್ಲ. ಲಯವೆಂದರೇನೆಂದು ತಿಳಿಯಲು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ಕಲಿಯಲು ಹೋದರು. ಚಿತ್ರಕಾರನೊಬ್ಬ ನರ್ತಕನ ಮುಂದೆ ಕಾಲು ತಪ್ಪುತ್ತ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಅವರಿಗೆ ಬಂದ ಪದ್ಮಭೂಷಣಕ್ಕಿಂತ ಈ ಸಂಗತಿಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ತೆರೆಯಿತು. ಕಟ್ಟಲು ಹಣ ಕೊಟ್ಟವರು ಸರ್ ಕಾವಸ್‌ಜಿ ಜಹಾಂಗೀರ್, ಅವರನ್ನು ಒತ್ತಾಯಿಸಿದವರಲ್ಲಿ ಹೋಮಿ ಭಾಭಾ ಒಬ್ಬರು, ನಮ್ಮ ಹೆಬ್ಬಾರರು ಇನ್ನೊಬ್ಬರು. ಚದರಡಿಗೆ ಚಿನ್ನದ ಬೆಲೆಯಿರುವ ದಕ್ಷಿಣ ಮುಂಬಯಿಯಲ್ಲಿ ಬರಿಗೋಡೆಗಳಿಗಾಗಿ ಒಂದು ಕಟ್ಟಡ! ಒಳಗಿದ್ದ ಸಮೋವರ್ ಕೆಫೆ 2015ರಲ್ಲಿ ಮುಚ್ಚಿತು; ಚಿತ್ರಕ್ಕಿಂತ ಅಲ್ಲಿಯ ಪರಾಠಕ್ಕೆ ಹೋಗುತ್ತಿದ್ದವರು ಈಗಲೂ ಮರುಗುತ್ತಾರೆ, ಅವರನ್ನು ನಾನು ಹಗುರಾಗಿ ಕಾಣಲಾರೆ. ಇದೇ ಊರಿನಲ್ಲಿ ಹರಾಜಿನ ಸುತ್ತಿಗೆ ಬಿದ್ದು ಚಿತ್ರವೊಂದು ಕೋಟಿಗಟ್ಟಲೆಗೆ ಹೋಗುವುದೂ ಉಂಟು. ಅದು ಬೇರೆಯೇ ವ್ಯಾಪಾರ. ಅಲ್ಲಿ ಹುಬ್ಬು ಗಂಟಿಕ್ಕುವುದು ಬೆಲೆ ತಪ್ಪಿದಾಗ.

ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಮುಖ ಬರೆದುಕೊಡುವವರು ಕೂರುತ್ತಾರೆ. ಅವರಲ್ಲೊಬ್ಬನ ಮುಂದೆ ಮೊನ್ನೆ ಗಿರಾಕಿಯೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ಚಿತ್ರ ಮುಗಿಯಿತು ಅನ್ನುವಷ್ಟರಲ್ಲಿ ಎದ್ದು ಬಂದು ನೋಡಿದ. “ಚೆನ್ನಾಗಿದೆ ಭಾಯ್, ಕೊಡು,” ಎಂದ. “ಕಿವಿ ಸರಿಬಂದಿಲ್ಲ, ಕೂತ್ಕೊಳ್ಳಿ,” ಎಂದ ಚಿತ್ರಕಾರ. “ಕಿವಿ ಯಾರು ನೋಡ್ತಾರೆ?” ಎಂದು ಗಿರಾಕಿಯ ಹೆಂಡತಿ ಕೈಗಡಿಯಾರ ನೋಡಿಕೊಂಡಳು. ಚಿತ್ರಕಾರ ಉತ್ತರ ಕೊಡದೆ ರಬ್ಬರು ಎತ್ತಿಕೊಂಡ. ಮೊದಲೇ ಮಾತಾಗಿದ್ದ ದುಡ್ಡಿಗೆ ಒಂದು ರೂಪಾಯಿಯೂ ಹೆಚ್ಚು ಬರುವಂತಿರಲಿಲ್ಲ. ಗಿರಾಕಿ ಗೊಣಗುತ್ತಲೇ ಮತ್ತೆ ಸ್ಟೂಲಿನ ಮೇಲೆ ಕೂತ.