ನಿವೇಶನ ನೋಡಹೋದುದು

ಮಾರ್ಗಶಿರ ಮಾಸದ ಒಂದು ಮುಂಜಾನೆ ನಾವು ಶಿವಮೊಗ್ಗೆಯ ನಿಲ್ದಾಣದಲ್ಲಿ ಭದ್ರಾವತಿಗೆ ಹೋಗುವ ರೈಲನ್ನು ಕಾಯುತ್ತಿದ್ದೆವು. ಹಿಂದಿನ ವಾರ ಅಲ್ಲಿಯ ನಮ್ಮ ತಂಗಿಯ ಯಜಮಾನರು ದೂರವಾಣಿಯಲ್ಲಿ, "ಭಾವನವರೇ, ಒಂದು ನಿವೇಶನ ಗೊತ್ತಾಗಿದೆ. ತಾವು ಬಂದು ನೋಡಿದ ಮೇಲೆಯೇ ಮುಂಗಡ" ಎಂದಿದ್ದರು. ಕಾರ್ಖಾನೆಯ ವಸತಿಗೃಹದಲ್ಲಿ ಮೂವತ್ತು ವರುಷ ಬಾಳಿದವರು. ನಿವೃತ್ತಿಯಾದುದರಿಂದ ಮನೆ ಬಿಡಬೇಕಾಗಿತ್ತು. ಕೈಗೆ ಬಂದ ಗಂಟು ಒಂದೇ. ಅದು ಹೋದರೆ ಮತ್ತೊಂದಿಲ್ಲ.

ನಮ್ಮನ್ನೇ ಕರೆದುದಕ್ಕೆ ಕಾರಣವುಂಟು. ಈ ವಿಷಯದಲ್ಲಿ ನಾವು ಕೈ ಸುಟ್ಟುಕೊಂಡವರು. ಶಿವಮೊಗ್ಗೆಯಲ್ಲಿ ಮನೆ ಕಟ್ಟಿಸಿದಾಗ, ಶಿಷ್ಯನೊಬ್ಬನ ಪರಿಚಯದವನೆಂಬ ದಾಕ್ಷಿಣ್ಯದಿಂದ ಗುತ್ತಿಗೆದಾರನೊಡನೆ ಕರಾರುಪತ್ರವನ್ನೇ ಬರೆಸಿಕೊಳ್ಳಲಿಲ್ಲ. ಎರಡನೆಯ ಮಳೆಗಾಲಕ್ಕೆ ನಡುಮನೆಯ ಗೋಡೆ ಮೂಲೆಯಿಂದ ಮೂಲೆಗೆ ಬಿರಿಯಿತು. "ಹೊಸ ಗೋಡೆ ಕೂರುವಾಗ ಹೀಗೆಯೇ, ಮೇಷ್ಟ್ರೇ" ಎಂದು ಆತ ಸಮಾಧಾನ ಹೇಳಿ ಹೋದನು.

2016ರ ಸ್ಥಿರಾಸ್ತಿ ಕಾಯಿದೆಯು, ರೇರಾ ಎಂದು ಎಲ್ಲರೂ ಕರೆಯುವುದು, ಕಟ್ಟಿ ಮಾರುವವನ ಮೇಲೆ ಒಂದು ಒಳ್ಳೆಯ ಹೊಣೆ ಹೊರಿಸಿದೆ. ಮನೆಯನ್ನು ವಶಕ್ಕೆ ಕೊಟ್ಟ ದಿನದಿಂದ 5 ವರುಷಗಳೊಳಗೆ ಕಟ್ಟಡದ ದೋಷವನ್ನಾಗಲಿ ಕೆಲಸದ ಕೊರತೆಯನ್ನಾಗಲಿ ಕೊಂಡವನು ತಿಳಿಸಿದರೆ, 30 ದಿನಗಳಲ್ಲಿ, ಬೇರೆ ಹಣ ಕೇಳದೆ, ಸರಿಪಡಿಸಿಕೊಡತಕ್ಕದ್ದು. ಆದರೆ ನಮ್ಮದು ಕೊಂಡ ಮನೆಯಲ್ಲ. ಸ್ವಂತ ನಿವೇಶನದಲ್ಲಿ ಕೂಲಿ ಕೊಟ್ಟು ಕಟ್ಟಿಸಿದುದು. ಅಂಥವರಿಗೆ ಗ್ರಾಹಕರ ಆಯೋಗವೇ ಗತಿ. ಅಲ್ಲಿ ದೂರು ಕೊಡಲು ಅವಧಿ 2 ವರುಷ. ಆ ಎರಡು ವರುಷವನ್ನೂ ನಾವು ಆತನ "ನಾಳೆ ಬರುತ್ತೇನೆ" ಎಂಬ ಮಾತಿನಲ್ಲಿಯೇ ಕಳೆದೆವು! ವ್ಯಾಕರಣದಲ್ಲಿ ಭವಿಷ್ಯತ್ಕಾಲವನ್ನು ಮಕ್ಕಳಿಗೆ ಕಲಿಸಿದವರಿಗೆ ಅದರ ಪ್ರಯೋಗ ಅಂದು ತಿಳಿಯಿತು.

ದಾರಿ ಸುಮಾರು 20 ಕಿಲೋಮೀಟರು. ಕೊಯ್ಲಾದ ಗದ್ದೆಗಳು, ಅಡಕೆಯ ತೋಟಗಳು ಹಿಂದೆ ಸರಿದು ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಊರು ಬಂದಿತು. ಹಳೆಯ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಅದರ ಸುತ್ತ ಬೆಳೆದ ಬೀದಿಗಳು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದ ಮೇಲೆ ಬೆಳೆದ ಹೊಸ ಊರಿನದು ಬೇರೆಯೇ ಬಗೆ. ಕುಲುಮೆಯ ಜಾಗ ಒಂದೆಡೆ, ಮಕ್ಕಳು ಮಲಗುವ ಜಾಗ ಇನ್ನೊಂದೆಡೆ. ವಲಯವೆಂದು ಇಂದು ಕಚೇರಿಗಳಲ್ಲಿ ಹೇಳುವುದರ ತಿರುಳು ಇಷ್ಟೇ ಅಲ್ಲವೆ?

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಆಗುವ ಮಹಾಯೋಜನೆಯಲ್ಲಿ ಇದಕ್ಕೆ ಬಣ್ಣಗಳಿವೆ: ವಾಸಕ್ಕೆ ಹಳದಿ, ಕೈಗಾರಿಕೆಗೆ ನೇರಿಳೆ. ಎರಡು ಊರುಗಳಿಗೂ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ಹೊರಡುವ ಮುನ್ನ ಸರ್ವೆ ನಂಬರನ್ನು ಹಿಡಿದು ನಾವು ನಕ್ಷೆ ನೋಡಿಬಂದಿದ್ದೆವು. ನಂಬರು ಹಳದಿಯಲ್ಲಿರಲಿಲ್ಲ, ಕೃಷಿಯ ಹಸುರಿನಲ್ಲಿತ್ತು. ಆದರೂ ಕಣ್ಣಾರೆ ನೋಡದೆ ಬೇಡವೆನ್ನಲು ಮನಸ್ಸು ಬರಲಿಲ್ಲ.

ಊರ ಹೊರಗೆ, ಗದ್ದೆಯಾಗಿದ್ದ ತಗ್ಗಿನಲ್ಲಿ, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದುವು. ಮುಂದೆ ಒಂದು ಕಮಾನು. ಚರಂಡಿ ಮಾತ್ರ ಎಲ್ಲಿಯೂ ಇಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನೆರೆಯವನ ಗೋಡೆಯಿಂದ ನೀರ ಕಾಲುವೆ ಎಷ್ಟು ದೂರವಿರಬೇಕು, ತಪ್ಪಿದರೆ ದಂಡವೇನು ಎಂಬುದಕ್ಕೂ ವಿಧಿಯುಂಟು. ಇಲ್ಲಿ ನೀರಿಗೆ ಹೋಗಲು ದಾರಿಯೇ ಇಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಶಿವಮೊಗ್ಗೆಯ ತಗ್ಗಿನ ಬೀದಿಗಳಿಂದ ಜನ ಪಾತ್ರೆ ಪಗಡೆ ಹೊತ್ತು ಬಂದುದನ್ನು ಕಂಡವರು ನಾವು.

"ಭೂಪರಿವರ್ತನೆಯ ಆದೇಶವೆಲ್ಲಿ?" ಎಂದೆವು. ದಲ್ಲಾಳಿ ನಕ್ಕು, "ಎಲ್ಲಾ ಆಗ್ತದೆ ಸಾರ್, ಮುಂದೆ ಸಕ್ರಮ ಮಾಡ್ತಾರೆ. ಅದಕ್ಕೇ ಅರ್ಧ ಬೆಲೆ" ಎಂದನು. 500 ಚದರ ಮೀಟರಿಗೆ ಮೀರಿದ ಭೂಮಿಯಲ್ಲಿ ಬಡಾವಣೆ ಮಾಡಿ ಮಾರುವವನು ಮೊದಲು ರೇರಾದಲ್ಲಿ ನೋಂದಾಯಿಸಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಈತ ಕೇಳುತ್ತಿದ್ದುದು ಅರ್ಧ, ಅದೂ ಬಿಳಿಯ ಹಾಳೆಯ ಮೇಲಿನ ರಸೀತಿಗೆ. ನೋಂದಣಿಯ ಸಂಖ್ಯೆ ಕೇಳಿದೊಡನೆ ಆತನಿಗೆ ಬೇರೆ ಕೆಲಸ ನೆನಪಾಯಿತು.

ಹಿಂದಿರುಗುವಾಗ ರಾಯರು ಬಹುದೂರ ಮಾತಾಡಲಿಲ್ಲ. ಕಡೆಗೆ, "ಹಳದಿಯ ಜಾಗಕ್ಕೆ ನನ್ನ ಹಣ ಸಾಲದಲ್ಲ, ಭಾವನವರೇ" ಎಂದರು. ಅದು ನಿಜ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿವೇಶನ ಚಿಕ್ಕದಾದರೂ ಅನುಮೋದನೆಯಾದ ಬಡಾವಣೆಯಲ್ಲಿರಲಿ ಎಂದಷ್ಟೇ ಹೇಳಿದೆವು.

ಮನೆಯಲ್ಲಿ ತಂಗಿ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ತನ್ನ ಮನೆಯನ್ನು ಬರೆದಿಟ್ಟಿದ್ದಳು: ಅಡಿಗೆಮನೆ, ದೇವರ ಗೂಡು, ಹಿತ್ತಲಲ್ಲಿ ತುಲಸಿ. ನಮ್ಮ ಮುಖ ನೋಡಿ ಏನನ್ನೂ ಕೇಳದೆ ಹಾಳೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಎಲೆ ಹಾಕಿದಳು. ಊಟದ ನಡುವೆ ರಾಯರು, ಸೋಮವಾರ ಪ್ರಾಧಿಕಾರದ ಕಚೇರಿ ಎಷ್ಟು ಗಂಟೆಗೆ ತೆರೆಯುವುದೆಂದು ವಿಚಾರಿಸಿದರು.